ರಂಜಾನಬಿ ಮರೆಯದ ಕೈ

ದೇವದುರ್ಗದ ಹಳೇ ಕೋಟೆಯ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಒಂದೇ ಕೋಣೆಯ ಮನೆಯ ಹೊಸ್ತಿಲೊಳಗೆ ರಂಜಾನಬಿ ಕಾಲು ಚಾಚಿ ಕೂತಿದ್ದಾರೆ. ಮಡಿಲಲ್ಲಿ ಬಳೆಗಳ ರಾಶಿ. ಒಂದೊಂದೇ ಬಳೆ ಎತ್ತಿ, ಎರಡು ಬೆರಳ ನಡುವೆ ಒಂದು ಸುತ್ತು ತಿರುಗಿಸಿ, ಪಕ್ಕದಲ್ಲಿರುವ ನಾಲ್ಕು ಹಗ್ಗಗಳಲ್ಲಿ ಯಾವುದಾದರೊಂದಕ್ಕೆ ಪೋಣಿಸುತ್ತಾರೆ. ಒಂದು ಅಳತೆಗೆ ಒಂದು ಹಗ್ಗ. ಪೋಣಿಸಿ ಮುಗಿದ ಮೇಲೆ ನಾಲ್ಕನ್ನೂ ಸೇರಿಸಿ ಕಟ್ಟಿದರೆ ಅದು ಮಲಾರ. ಅದು ಹೆಗಲೇರಿತೆಂದರೆ ಅವರ ದಿನ ಶುರುವಾಯಿತು.

ಕಂದೀಲು ಮೂಲೆಯಲ್ಲಿ ತಣ್ಣಗೆ ಕೂತಿದೆ. ಹಚ್ಚಬಾರದೇ ಎಂದು ಕೇಳಿದರೆ ನಗುತ್ತಾರೆ. "ಕಣ್ಣು ಮೋಸ ಮಾಡ್ತಾವ್ರಿ ಸಾಹೇಬ್ರ. ಬಣ್ಣ ನೋಡಿ ಮರುಳಾಗಿಬಿಡ್ತಾವ. ಬೆರಳಿಗೆ ಬಣ್ಣ ಕಾಣಂಗಿಲ್ಲ ನೋಡ್ರಿ, ಹಿಂಗಾಗಿ ಅವು ಸುಳ್ಳು ಹೇಳಂಗಿಲ್ಲ."

ವಯಸ್ಸು ಐವತ್ತೆಂಟು. ಹದಿನೇಳಕ್ಕೆ ಮಲಾರ ಹೊತ್ತವರು, ಇಂದಿಗೂ ಇಳಿಸಿಲ್ಲ. ಗಂಡ ತೀರಿಕೊಂಡು ಇಪ್ಪತ್ತು ವರ್ಷ. ಮಗಳು ಜಾಹೆದಾ ಲಿಂಗಸುಗೂರಿನಲ್ಲಿ ಸಂಸಾರಸ್ಥೆ. ಆರೂವರೆಯ ಬಸ್ಸಿಗೆ ಹೊರಟರೆ ಸೋಮವಾರ ಅರಕೇರಾ, ಗುರುವಾರ ಗೂಗಲ್, ಉಳಿದ ದಿನ ಸುತ್ತಲಿನ ಊರುಗಳು. ದಿನಕ್ಕೆ ಎಂಟೊಂಬತ್ತು ಮೈಲಿ ನಡಿಗೆ, ನಲವತ್ತರಿಂದ ಐವತ್ತು ಕೈ. ನಾಗರಪಂಚಮಿ ಹತ್ತಿರ ಬಂತೆಂದರೆ ನೂರು ದಾಟುತ್ತದೆ. ಅವರು ಊರನ್ನು ಮನೆಗಳಿಂದ ಎಣಿಸುವುದಿಲ್ಲ, ಕೈಗಳಿಂದಲೇ ಎಣಿಸುತ್ತಾರೆ. ಮಳೆಯಲ್ಲಿ ಮಂಡಿ ಹಿಡಿದುಕೊಳ್ಳುತ್ತದೆ ಎಂಬುದೊಂದೇ ಅವರು ಬಾಯಿಬಿಟ್ಟು ಹೇಳುವ ಕಷ್ಟ.

ನಾನು ಅವರನ್ನು ಹುಡುಕಿಕೊಂಡು ಬಂದದ್ದು ಬಳೆಯ ವ್ಯಾಪಾರ ಬರೆಯಲಿಕ್ಕಲ್ಲ. ನಾಲ್ಕು ವರ್ಷದ ಕೆಳಗೆ, ಎಂಬತ್ತೆರಡರಲ್ಲಿ, ಕಲ್ಲೂರಿನ ಬಾವಿಯ ಕೊಲೆ ಕೇಸಿನ ತೀರ್ಪು ರಾಯಚೂರಿನ ಕೋರ್ಟಿನಲ್ಲಿ ಬಂತು. ಪತ್ರಿಕೆಗಳೆಲ್ಲ ಪೊಲೀಸರ ಚಾಕಚಕ್ಯತೆಯನ್ನು ಹೊಗಳಿದವು. ವಕೀಲರ ಫೋಟೊ ಹಾಕಿದವು. ಕೇಸು ಯಾರಿಂದ ನಿಂತಿತೋ ಅವರ ಬಗ್ಗೆ ಇದ್ದದ್ದು ಒಂದೇ ಸಾಲು: 'ಓರ್ವ ಬಳೆಗಾರ್ತಿಯೂ ಸಾಕ್ಷ್ಯ ನುಡಿದಳು.' ಹೆಸರು ಕೂಡ ಇಲ್ಲ. ಆ ಸಾಲು ಬರೆದ ಪುಣ್ಯಾತ್ಮ ನಾನೇ. ಆ ನಾಚಿಕೆ ಇನ್ನೂ ಹೋಗಿಲ್ಲ, ಅದನ್ನು ಕಳೆದುಕೊಳ್ಳಲಿಕ್ಕೇ ಇವತ್ತು ಅವರ ಹಿಂದೆ ಬಸ್ಸು ಹತ್ತಿದ್ದೇನೆ.

ಅರಕೇರಾದ ವೆಂಕಮ್ಮನ ಒಬ್ಬಳೇ ಮಗಳು ಗೋಪಮ್ಮ. ಊರ ಬಾಲವಾಡಿಯಲ್ಲಿ ಆಯಾ ಆಗಿದ್ದವಳನ್ನು ಕಲ್ಲೂರಿನ ಹಂಪಯ್ಯನಿಗೆ ಕೊಟ್ಟಿದ್ದರು. ಅವನು ನಾಲಾ ಕಾಮಗಾರಿಯ ಮೇಸ್ತ್ರಿ, ಸ್ವಲ್ಪ ಹೊಲವೂ ಇತ್ತು. ಐದಾರು ವರ್ಷದ ಬಾಳು ಬಡಿತದಲ್ಲೇ ಕಳೆಯಿತು. ಎಪ್ಪತ್ತೇಳರಲ್ಲಿ ಗೋಪಮ್ಮ ನಾಲ್ಕು ವರ್ಷದ ಮಗಳು ಕನಕಮ್ಮನನ್ನು ಎತ್ತಿಕೊಂಡು ತವರಿಗೆ ಬಂದಳು. ಹಂಪಯ್ಯ ರಾಯಚೂರಿನ ಕೋರ್ಟಿಗೆ ಹೋಗಿ ವಿಚ್ಛೇದನ ಕೇಳಿದ, ಜೊತೆಗೆ ಮಗುವನ್ನೂ ಕೇಳಿದ. ಮಗುವಿನ ಮೇಲೆ ಅವನಿಗೆ ಅಂಥ ಮಮತೆಯೇನೂ ಇರಲಿಲ್ಲ ಎಂದು ಊರೇ ಹೇಳುತ್ತದೆ. ಮಗುವನ್ನು ಕಿತ್ತುಕೊಂಡರೆ ತಾಯಿ ತಾನಾಗಿ ಕಾಲಿಗೆ ಬೀಳುತ್ತಾಳೆ ಎಂಬ ಹಟ ಇತ್ತು. ಗೋಪಮ್ಮನೂ ಹಟದವಳೇ. ಒಂದು ವರ್ಷ ಪ್ರತಿ ವಾಯಿದೆಗೂ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ರಾಯಚೂರಿಗೆ ಹೋಗಿ ನಿಂತಳು.

ಎಪ್ಪತ್ತೆಂಟರ ಶ್ರಾವಣದ ಒಂದು ಸೋಮವಾರ ರಂಜಾನಬಿ ಅವಳಿಗೆ ಹಸಿರು ಬಳೆ ಇಟ್ಟರು. ಬಲಗೈಗೆ ಆರು, ಎಡಗೈಗೆ ಆರು. ಮರುದಿನ, ರಾಜಿ ಮಾಡಿಕೊಳ್ಳೋಣ ಬಾ ಎಂದು ಹಂಪಯ್ಯ ಹೇಳಿಕಳಿಸಿದ್ದನೆಂದು, ಮಗುವನ್ನು ತಾಯಿಯ ಹತ್ತಿರ ಬಿಟ್ಟು ಗೋಪಮ್ಮ ಕಲ್ಲೂರಿಗೆ ಹೋದಳು. ಹಿಂದಿರುಗಲಿಲ್ಲ. ಅವಳು ಬಂದೇ ಇಲ್ಲ, ಯಾರದೋ ಜೊತೆ ಹೈದರಾಬಾದಿಗೆ ಓಡಿಹೋಗಿದ್ದಾಳೆ ಎಂದು ಅವನು ಕೋರ್ಟಿನಲ್ಲಿ ಬರೆದುಕೊಟ್ಟ. ಹುಡುಕುವವರು ಯಾರು? ಒಂದೂವರೆ ವರ್ಷ ವೆಂಕಮ್ಮ ಠಾಣೆಗೆ ತಿರುಗಿದಳು. ಕೊನೆಗೆ ಎಂಬತ್ತರ ಮಾರ್ಚಿನಲ್ಲಿ ಹುಕುಂ ಆಯಿತು: ತಾಯಿ ಮಗುವನ್ನು ತೊರೆದಿರುವುದರಿಂದ ಬೇಸಿಗೆ ರಜೆ ಮುಗಿದ ಮೇಲೆ ಅದನ್ನು ತಂದೆಗೆ ಒಪ್ಪಿಸತಕ್ಕದ್ದು.

ಅದೇ ಏಪ್ರಿಲ್ಲಿನಲ್ಲಿ ಕಲ್ಲೂರಿನ ಹಾಳುಬಾವಿಯೊಂದರ ಹೂಳು ತೆಗೆಯುವಾಗ ಎಲುಬು ಸಿಕ್ಕವು. ಆ ಹೊಲ ಹಂಪಯ್ಯನದಾಗಿತ್ತು. ಹಿಂದಿನ ವರ್ಷ ಬೇರೆಯವರಿಗೆ ಮಾರಿದ್ದ. ಎಲುಬಿನ ಜೊತೆ ಹಸಿರು ಬಳೆಯ ಚೂರು, ಒಡೆಯದೆ ಉಳಿದ ಏಳು ಬಳೆ. ಮಾನ್ವಿ ಠಾಣೆಯಲ್ಲಿ ವೆಂಕಮ್ಮನನ್ನು ಕರೆಸಿ ಬಳೆ ತೋರಿಸಿದರು. ನಾಲ್ಕು ಸಣ್ಣವು, ಮೂರು ದೊಡ್ಡವು. ವೆಂಕಮ್ಮ ದೊಡ್ಡದೊಂದನ್ನು ಹಿಡಿದು ನೋಡಿ, ಇದು ನನ್ನ ಮಗಳದ್ದಲ್ಲ, ಅವಳದು ಮದುವೆಯ ದಿನದಿಂದ ಎರಡು ನಾಲ್ಕಿನ ಕೈ ಎಂದುಬಿಟ್ಟಳು. ಎರಡು ನಾಲ್ಕು ಅಂದರೆ ಎರಡು ಇಂಚು ನಾಲ್ಕಾಣೆ, ಸಣ್ಣ ಕೈಯ ಅಳತೆ. ಮಗಳು ಎಲ್ಲೋ ಬದುಕಿದ್ದಾಳೆ ಎಂದು ನಂಬಬೇಕಾಗಿದ್ದ ತಾಯಿ ಇನ್ನೇನು ಹೇಳಿಯಾಳು? ಎರಡು ಅಳತೆಯ ಬಳೆ ಇವೆ, ಅಂದರೆ ಇವು ಬೇರೆ ಬೇರೆ ಹೆಂಗಸರವು, ನೀರಿಗೆ ಬಂದವರು ಕಳೆದುಕೊಂಡದ್ದು ಎಂದು ಪಂಚನಾಮೆ ಬರೆದು ಪೊಲೀಸರು ಪೊಟ್ಟಣ ಕಟ್ಟಿದರು.

ಈ ಸುದ್ದಿ ರಂಜಾನಬಿಯ ಕಿವಿಗೆ ಬಿದ್ದದ್ದು ಗೂಗಲ್ಲಿನಲ್ಲಿ, ಯಾರದೋ ಕಟ್ಟೆಯ ಮೇಲೆ ಬಳೆ ಇಡುತ್ತಿದ್ದಾಗ. ಕಲ್ಲೂರಿನಿಂದ ಬಂದಿದ್ದ ಹೆಣ್ಣುಮಗಳೊಬ್ಬಳು ಎರಡು ಅಳತೆಯ ಬಳೆಯ ವಿಷಯವನ್ನು ಮಾತಿನ ನಡುವೆ ಹೇಳಿದಳು.

"ಕೈಯಾಗಿನ ಬಳಿ ಫಟ್ಟಂತ ಮುರೀತ್ರಿ. ನಲವತ್ತು ವರ್ಷದಾಗ ಇನ್ನೊಬ್ಬರ ಕೈಮ್ಯಾಲ ನಾ ಬಳಿ ಮುರಿದದ್ದು ಅದೊಂದ ಸಲ," ಎನ್ನುತ್ತಾರೆ ರಂಜಾನಬಿ. "ಎರಡು ಅಳತಿ ಬಳಿ ಇಟ್ಟುಕೊಳ್ಳೋ ಹೆಂಗಸು ನಾ ತಿರುಗೋ ಊರೊಳಗ ಒಬ್ಬಾಕೀನ ಇದ್ದಳು. ಬಲಗೈ ಎರಡು ನಾಕು, ಎಡಗೈ ಎರಡು ಎಂಟು. ಎಡಗೈ ಹೆಬ್ಬಟ್ಟಿನ ಬುಡದಾಗಿನ ಎಲುಬು ಮುರಿದು ಗಂಟು ಕಟ್ಟಿತ್ರಿ. ಬಾಗಿಲದಾಗ ಕೈ ಸಿಕ್ಕಿತ್ತು ಅಂತ ಹೇಳಿದ್ದಳು. ನಾ ಕೈ ಹಿಸುಕಿ ನೋಡಿದೆ. ಬಾಗಿಲ ಹಂಗ ಮುರಿಯಂಗಿಲ್ರಿ. ಒನಕಿ ಮುರಿತದ."

ಈ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಹೆಂಗಸಿನ ಕೈ ಬಳೆಗಾರ್ತಿಯ ಕೈಯಲ್ಲಿರುವಾಗ ಆಡಿದ ಮಾತು ಮತ್ತೊಂದು ಮನೆಯ ಹೊಸ್ತಿಲು ದಾಟಕೂಡದು. ಕೈಯನ್ನು ನೀವಿ ಮೆತ್ತಗೆ ಮಾಡುವಾಗ ಮನಸ್ಸೂ ಮೆತ್ತಗಾಗುತ್ತದೆ. ಅತ್ತೆಗೆ ಹೇಳಲಾಗದ್ದು, ತಾಯಿಗೂ ಹೇಳಲಾಗದ್ದು ಅಲ್ಲಿ ಹೊರಬರುತ್ತದೆ. ಅಳತೆ ಬದಲಾದದ್ದು ತನ್ನ ತಾಯಿಗೆ ತಿಳಿಯಬಾರದು ಎಂದು ಗೋಪಮ್ಮ ಆಣೆ ಮಾಡಿಸಿದ್ದಳು. ಕೈಗೆ ಏನೋ ಪೆಟ್ಟಾಗಿತ್ತು ಎಂಬುದಷ್ಟೇ ವೆಂಕಮ್ಮನಿಗೆ ಗೊತ್ತು. ರಂಜಾನಬಿ ಬಾಯಿ ಬಿಡದೆ ಪ್ರತಿ ಸಲ ಎಡಗೈಗೆ ಬೇರೆ ಹಗ್ಗದಿಂದ ಬಳೆ ಬಿಚ್ಚುತ್ತಿದ್ದರು. ಬಣ್ಣ ಒಂದೇ ಆದ್ದರಿಂದ ನೋಡಿದವರ ಕಣ್ಣಿಗೆ ಭೇದ ಕಾಣುತ್ತಿರಲಿಲ್ಲ.

"ಮೂರು ದಿನ ಅನ್ನ ಸೇರಲಿಲ್ಲ. ಜಬಾನ್ ಕೊಟ್ಟೀನಿ, ಮಾತು ಕೊಟ್ಟೀನಿ ಅಂತ ಒಂದು ಕಡಿ. ಇನ್ನೊಂದು ಕಡಿ ಆ ಕೂಸು. ರಜಾ ಮುಗಿಯಾಕ ಮೂವತ್ತು ದಿನ ಇತ್ರಿ. ತಾಯಿನ್ನ ಬಾವಿಗೆ ಹಾಕಿದವನ ಮನಿಗೆ ಕೂಸು ಹೋಗ್ತದಲ್ಲ, ಆವಾಗ ನನ್ನ ಜಬಾನ್ ಇಟ್ಟುಕೊಂಡು ಏನ್ ಮಾಡ್ಲಿ? ಗೋಪಮ್ಮನ್ನ ಕೇಳಿದ್ರೂ ಹೇಳು ಅಂತಿದ್ದಳು."

ಮೊದಲು ಹೋದದ್ದು ಅರಕೇರಾಕ್ಕೆ, ವೆಂಕಮ್ಮನ ಮನೆಗೆ. ಅಲ್ಲಿ ಏನು ನಡೆಯಿತು ಎಂದು ಕೇಳಿದರೆ ರಂಜಾನಬಿ ತಲೆ ಅಲ್ಲಾಡಿಸುತ್ತಾರೆ, ಹೇಳುವುದಿಲ್ಲ. ಅದೂ ಕೈ ಹಿಡಿದು ಆಡಿದ ಮಾತಿರಬೇಕು.

ಆಮೇಲೆ ಮಾನ್ವಿ ಠಾಣೆ. ಮೊದಲ ಸಲ ಹೊರಗೇ ಕೂಡಿಸಿದರು. ಎರಡನೇ ಸಲ, ಬಳೆ ಮಾರೋಳು ಬಳೆ ಮಾರಿಕೊಂಡಿರು ಎಂದರು. ಮೂರನೇ ಸಲ ಜಮಾದಾರನ ಹೆಂಡತಿ ಬಳೆ ಇಡಿಸಿಕೊಳ್ಳಲು ತನ್ನ ಮನೆಯೊಳಗೆ ಕರೆದಳು. ರಂಜಾನಬಿ ಅವಳ ಕೈ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದರು. ಆ ಹೆಣ್ಣುಮಗಳು ಗಂಡನಿಗೆ ಹೇಳಿದಳೋ ಇಲ್ಲವೋ, ಠಾಣೆ ಮಾತ್ರ ಅಲುಗಲಿಲ್ಲ. ಅಷ್ಟು ಹೊತ್ತಿಗೆ ಹನ್ನೆರಡು ದಿನ ಕಳೆದಿದ್ದವು. ರಂಜಾನಬಿ ಮಲಾರವನ್ನು ಮನೆಯಲ್ಲಿಟ್ಟು, ವೆಂಕಮ್ಮನನ್ನೂ ಮಗುವನ್ನೂ ಕರೆದುಕೊಂಡು ರಾಯಚೂರಿಗೆ ಹೋದರು. ಮಗುವಿನ ಪರವಾಗಿ ವಾದಿಸುತ್ತಿದ್ದ ಗುರುರಾಜ ವಕೀಲರ ಮನೆಯ ಜಗಲಿಯ ಮೇಲೆ ಬೆಳಗಿನಿಂದ ಕೂತರು.

ಈಗ ವಯಸ್ಸಾಗಿರುವ ಗುರುರಾಜ ವಕೀಲರು ಅದನ್ನು ನೆನೆಯುತ್ತಾರೆ. "ನಾ ಸಂಧ್ಯಾವಂದನಿ ಮುಗಿಸಿ ಹೊರಗ ಬಂದರ ಈಕಿ ಕೂತಿದ್ದಳು. ನನ್ನ ಮಾತೇ ಕೇಳಲಿಲ್ಲ. ನೀವು ಕಾಯ್ದೆ ಆಮ್ಯಾಲ ಹೇಳ್ರಿ, ಮೊದಲ ಆ ಎಲುಬಿನಾಗ ಎಡಗೈ ಹೆಬ್ಬಟ್ಟಿನ ಬುಡ ನೋಡಸ್ರಿ ಅಂದಳು. ಮೂವತ್ತು ವರ್ಷ ವಕೀಲಿ ಮಾಡಿದ ನನಗ ಅದು ಹೊಳಿದಿರಲಿಲ್ಲ."

ವಕೀಲರು ಅರ್ಜಿ ಹಾಕಿದರು. ಸರ್ಕಾರಿ ಡಾಕ್ಟರು ನೋಡಿದರು. ಎಡಗೈ ಹೆಬ್ಬೆರಳಿನ ಬುಡದ ಎಲುಬು ಹಿಂದೆ ಮುರಿದು, ಸೊಟ್ಟಗೆ ಕೂಡಿ, ಗಂಟುಗಟ್ಟಿತ್ತು. ಶಾಲೆ ಶುರುವಾಗಲು ಐದು ದಿನ ಇರುವಾಗ ಮಗುವನ್ನು ಒಪ್ಪಿಸುವ ಹುಕುಂ ನಿಂತಿತು. ಸತ್ತವಳು ಗೋಪಮ್ಮನೇ ಎಂದಾದ ಕೂಡಲೇ ಉಳಿದ ಬಾಯಿಗಳೂ ಬಿಚ್ಚಿದವು. ಅವಳನ್ನು ಕಲ್ಲೂರಿನಲ್ಲಿ ಇಳಿಸಿದ ಬಸ್ ಕಂಡಕ್ಟರ್ ಬಂದ. ಅವಳು ಕಾಣೆಯಾದ ವಾರವೇ ಹಂಪಯ್ಯನ ಮಾತಿನಂತೆ ಬಾವಿಗೆ ಕಲ್ಲುಮುಳ್ಳು ತುಂಬಿದ ಕೂಲಿಯವರು ಬಂದರು.

ವಿಚಾರಣೆಯ ದಿನ ನಾನು ಕೋರ್ಟಿನಲ್ಲಿದ್ದೆ. ಹಂಪಯ್ಯನ ವಕೀಲರು ಜೋರಿನ ಮನುಷ್ಯ. ಸಾವಿರಾರು ಕೈ ಹಿಡಿಯುವ ನಿನಗೆ ಒಂದು ಕೈ ಹೇಗೆ ನೆನಪಿರುತ್ತದೆ ಎಂದು ಗದರಿದರು. ಪೇಟೆಯಿಂದ ಕೊಂಡುತಂದಿದ್ದ ಬಳೆಗಳನ್ನು ಮೇಜಿನ ಮೇಲೆ ಸುರಿದು, ಕಣ್ಣು ಮುಚ್ಚಿ ಅಳತೆ ಹೇಳು ನೋಡೋಣ ಎಂದರು. ಅವರ ದುರ್ದೈವ. ರಂಜಾನಬಿ ಸೆರಗನ್ನು ಕಣ್ಣಿನ ಮೇಲೆಳೆದುಕೊಂಡು ಒಂದೊಂದನ್ನೇ ತಿರುವಿ ಹೇಳುತ್ತಾ ಹೋದರು, ಗುಮಾಸ್ತ ಅಳತೆಪಟ್ಟಿ ಹಿಡಿದು ನೋಡುತ್ತಾ ಹೋದ. ಹದಿನಾಲ್ಕಕ್ಕೆ ಹದಿನಾಲ್ಕೂ ಸರಿ. ಹದಿನೈದನೆಯದನ್ನು ಮಾತ್ರ ಪಕ್ಕಕ್ಕೆ ಸರಿಸಿ, "ಇದು ಸೊಟ್ಟ ಅದರಿ ವಕೀಲ್ರ. ಅಂಗಡಿಯಾವ ನಿಮಗ ಟೋಪಿ ಹಾಕ್ಯಾನ," ಎಂದರು. ಜಡ್ಜ್ ಸಾಹೇಬರು ಕೂಡ ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡರು. ಹಂಪಯ್ಯನಿಗೆ ಜೀವಾವಧಿ ಆಯಿತು. ಇಷ್ಟನ್ನೂ ಕಣ್ಣಾರೆ ಕಂಡು ನಾನು ಬರೆದದ್ದು ಆ ಒಂದು ಸಾಲು!

ಬೆಲೆ ತೆತ್ತದ್ದೂ ರಂಜಾನಬಿಯೇ. ಕಲ್ಲೂರು ಅವರಿಗೆ ಎಲ್ಲಕ್ಕಿಂತ ದೊಡ್ಡ ಊರು, ಇನ್ನೂರಕ್ಕೂ ಹೆಚ್ಚು ಕೈ. ಹಂಪಯ್ಯನ ಕಡೆಯವರು ಊರೊಳಗೆ ಕಾಲಿಟ್ಟರೆ ಮಲಾರ ಪುಡಿ ಮಾಡುತ್ತೇವೆ ಎಂದರು. ಒಮ್ಮೆ ಮಾಡಿಯೂ ತೋರಿಸಿದರು. ಬೇರೆ ಊರುಗಳಲ್ಲೂ ಕೆಲವರು, ಇವಳ ಹತ್ತಿರ ಮಾತಾಡಿದರೆ ಕೋರ್ಟಿಗೆ ಹೋಗುತ್ತದೆ ಎಂದು ಕೈ ಕೊಡಲು ಹಿಂಜರಿದರು. ಅದು ಅವರನ್ನು ಮಲಾರ ಒಡೆದದ್ದಕ್ಕಿಂತ ಹೆಚ್ಚು ನೋಯಿಸಿತು. ಆದರೂ ಪ್ರತಿ ಶನಿವಾರ ಎರಡು ಬಸ್ಸು ಬದಲಿಸಿ ಹೋಗಿ ಕಲ್ಲೂರಿನ ಬಸ್ ನಿಲ್ದಾಣದ ಬೇವಿನ ಕೆಳಗೆ ಮಲಾರ ಬಿಚ್ಚಿ ಕೂತರು. "ರಸ್ತೆ ಸರ್ಕಾರದ್ದರಿ. ಅದನ್ನೇನು ಅವರಪ್ಪ ಹಾಕಿಸ್ಯಾನೇನು?" ಒಂದು ವರ್ಷ ಯಾರೂ ಬರಲಿಲ್ಲ. ಆಮೇಲೊಂದು ಶನಿವಾರ ಮುದುಕಿಯೊಬ್ಬಳು ಬಂದು ಕೈ ಚಾಚಿದಳು. ಈಗ ಮೂವತ್ತು ಮಂದಿ ನಿಲ್ದಾಣಕ್ಕೇ ಬಂದು ಬಳೆ ಇಡಿಸಿಕೊಂಡು ಹೋಗುತ್ತಾರೆ. ಕೆಲವರು ಬಳೆ ಇದ್ದರೂ ಬರುತ್ತಾರಂತೆ, ಹೇಳಿಕೊಳ್ಳಲಿಕ್ಕೆ.

ಅರಕೇರಾದಲ್ಲಿ ಬಸ್ಸು ಇಳಿಯುತ್ತೇವೆ. ಪಂಚಮಿಗೆ ಇನ್ನೊಂದು ವಾರ. ಎಲ್ಲರಿಗಿಂತ ಮೊದಲು ವೆಂಕಮ್ಮನ ಮನೆ, ಅದು ಆರು ವರ್ಷದ ಪದ್ಧತಿ. ಕನಕಮ್ಮನಿಗೆ ಈಗ ಹದಿಮೂರು. ಏಳನೇ ಇಯತ್ತೆ ಪಾಸಾಗಿದ್ದಾಳೆ, ದೇವದುರ್ಗದ ಹೈಸ್ಕೂಲಿಗೆ ಹೋಗುತ್ತಾಳೆ. ಹೊಸಬನಾದ ನನ್ನನ್ನು ಓರೆಗಣ್ಣಿನಲ್ಲಿ ನೋಡುತ್ತಾ ಬಂದು ಕೂತು, ಮೊದಲು ಎಡಗೈ ಚಾಚುತ್ತಾಳೆ. ರಂಜಾನಬಿ ಹೆಬ್ಬೆರಳಿನ ಬುಡವನ್ನು ಒತ್ತಿ ನೋಡುತ್ತಾರೆ, ಬೆರಳು ಮಡಚಿಸುತ್ತಾರೆ, ಮತ್ತೆ ಒತ್ತುತ್ತಾರೆ. ಬಳೆ ಇಡಲಿಕ್ಕೆ ಅಷ್ಟು ಬೇಕಾಗಿಲ್ಲ. ಆಮೇಲೆ ಬಲಗೈ.

"ಪ್ರತಿ ಸಲ ಹಿಂಗ ಮಾಡ್ತಾಳ ನೋಡಜ್ಜಿ," ಎಂದು ಹುಡುಗಿ ನಗುತ್ತಾಳೆ. ಬಾಗಿಲಲ್ಲಿ ನಿಂತ ವೆಂಕಮ್ಮ ನಗುವುದಿಲ್ಲ, ರಂಜಾನಬಿಯ ಮುಖವನ್ನೇ ನೋಡುತ್ತಿರುತ್ತಾಳೆ. ಹಸಿರು ಬಳೆ ಆರು ಆ ಕೈಗೆ, ಆರು ಈ ಕೈಗೆ ಏರುತ್ತವೆ. ಎಲ್ಲವೂ ಒಂದೇ ಹಗ್ಗದಿಂದ.

ಹಿಂದಿರುಗುವ ದಾರಿಯಲ್ಲಿ, ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ರಂಜಾನಬಿ ಮಲಾರವನ್ನು ಎಡಹೆಗಲಿನಿಂದ ಬಲಹೆಗಲಿಗೆ ಬದಲಿಸಿಕೊಳ್ಳುತ್ತಾರೆ.

"ಆ ಹುಡುಗಿ ಮದುವಿ ಆಗ್ತದ, ಗಂಡನ ಮನಿಗೆ ಹೋಗ್ತದ. ಎಷ್ಟು ದೂರ ಕೊಟ್ರೂ ವರ್ಷಕ್ಕೊಮ್ಮೆ ನಾನ ಹೋಗಿ ಬಳಿ ಇಡ್ತೀನ್ರಿ. ಆಕಿ ಮುದುಕಿ ಆಗೂತನ ಎರಡೂ ಕೈಗೆ ಒಂದ ಅಳತಿ ಬರಬೇಕು. ಅಷ್ಟ."