ಗೋಡೆಮಾವ ಗುಳ್ಳೆ ಒಡೆದದ್ದು

ನನ್ನ ಸೋದರಮಾವನಿಗೆ ನಮ್ಮ ಮನೆಯಲ್ಲಿ ಗೋಡೆಮಾವ ಎಂದೇ ಹೆಸರು. ಕಸುಬು ಬಣ್ಣ ಬಳಿಯುವುದು. ಯಾರ ಮನೆಗೆ ಹೋದರೂ ಮೊದಲು ಗೋಡೆಯನ್ನು ವಿಚಾರಿಸಿಕೊಂಡು ಆಮೇಲೆ ಮನೆಯವರನ್ನು ವಿಚಾರಿಸುವವನು. ಅಂಗೈಯಿಂದ ಒಮ್ಮೆ ಸವರುತ್ತಿದ್ದ. ಬಿಳಿ ಪುಡಿ ಅಂಟಿದರೆ "ಬಣ್ಣಕ್ಕೆ ನೀರು ಜಾಸ್ತಿ ಬೆರೆಸಿದ್ದಾರೆ" ಎಂದು ಅಲ್ಲೇ ತೀರ್ಪು. ಒಮ್ಮೆ ಸಾವಾದ ಮನೆಯಲ್ಲಿ ತಲೆಯೆತ್ತಿಕೊಂಡು ಬಹಳ ಹೊತ್ತು ನಿಂತಿದ್ದ. ಪಾಪ, ದುಃಖ ತಡೆಯಲಾಗದೆ ದೇವರನ್ನೇ ಕೇಳುತ್ತಿದ್ದಾನೆ ಎಂದು ಎಲ್ಲರೂ ಮರುಗುವಷ್ಟರಲ್ಲಿ, "ಮೂಲೇಲಿ ಬೂಷ್ಟು ಹಿಡಿದಿದೆ. ಈ ರೂಮಲ್ಲಿ ಗಾಳಿ ಆಡಲ್ಲ" ಎಂದ.

ನಲವತ್ತು ಹತ್ತಿರವಾದರೂ ಇಂಥವನಿಗೆ ಮದುವೆಯಾಗಲಿಲ್ಲವಲ್ಲ ಎಂದು ಅವನ ಅಕ್ಕನಿಗೆ, ಅಂದರೆ ನನ್ನ ಅಮ್ಮನಿಗೆ, ತಲೆಬಿಸಿ. ಕೊನೆಗೆ ಒಂದು ಕಡೆ ಮಾತು ಕೂಡಿಬಂತು. ಹುಡುಗಿ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವ ಮೇಡಂ. ಮನೆಯಲ್ಲಿ ಅವಳು, ಅವಳ ತಾಯಿ ಇಬ್ಬರೇ.

ಹುಡುಗಿ ನೋಡಲು ಹೋದ ದಿನ ಅವರ ಬಾಗಿಲ ಹತ್ತಿರವೇ ಅಮ್ಮ ಎಚ್ಚರಿಸಿದಳು: "ಕೈ ಜೇಬಲ್ಲಿರಲಿ."

ಮಾವ ಎರಡೂ ಕೈ ಜೇಬಿಗಿಳಿಸಿ ಕೈದಿಯ ಹಾಗೆ ಕೂತ. ಆದರೆ ಚಹಾ ಬಂತು, ಒಂದು ಕೈ ಹೊರಗೆ ಬರಲೇಬೇಕಾಯಿತು. ಅವನ ಕುರ್ಚಿಯ ಪಕ್ಕದ ಗೋಡೆಯಲ್ಲಿ, ಸರಿಯಾಗಿ ಕಣ್ಣಿನ ಮಟ್ಟಕ್ಕೆ, ನಿಂಬೆಹಣ್ಣಿನಷ್ಟು ದಪ್ಪದ ಗುಳ್ಳೆ ಎದ್ದಿತ್ತು. ಮಾವ ಹುಡುಗಿಯನ್ನು ನೋಡಿದ, ಗುಳ್ಳೆಯನ್ನು ನೋಡಿದ. ಮತ್ತೆ ಗುಳ್ಳೆಯನ್ನೇ ನೋಡಿದ. ಲೋಟ ಕೆಳಗಿಟ್ಟು ಹೆಬ್ಬೆರಳಿಂದ ಮೆಲ್ಲಗೆ ಒತ್ತಿದ.

ಗುಳ್ಳೆ ಒಡೆದು ನೀರು ಜಿನುಗಿತು. ಅಷ್ಟಕ್ಕೇ ಬಿಟ್ಟಿದ್ದರೆ ಮರ್ಯಾದೆ ಉಳಿಯುತ್ತಿತ್ತೋ ಏನೋ. ಅಂಚು ಸಡಿಲವಾಗಿದೆಯೇ ಎಂದು ಎರಡು ಬೆರಳಲ್ಲಿ ಹಿಡಿದೆಳೆದ. ಒಗೆದ ಲುಂಗಿಯ ಹಾಗೆ ಬಣ್ಣ ಉದ್ದಕ್ಕೆ ಕಿತ್ತು ಬಂದು ಅವನ ತೊಡೆಯ ಮೇಲೆ ಕೂತಿತು.

"ಹೋದ ವಾರ ನಾನೇ ಹೊಡೆದದ್ದು. ನೀವು ಬರ್ತೀರಂತ," ಎಂದರು ಹುಡುಗಿಯ ತಾಯಿ, ಸಣ್ಣ ದನಿಯಲ್ಲಿ.

ಅಮ್ಮ ಎದ್ದು ನಿಂತಳು. ಮಾವ ಏಳಲಿಲ್ಲ. "ಅಮ್ಮಾವ್ರೆ, ಗೋಡೆ ಆಚೆ ಬಚ್ಚಲು ಮನೆ ಇದೆಯಾ?"

"ಇದೆ. ಇಲ್ಲೊಂದು ಕಲೆ ಇತ್ತು. ಮುಚ್ಚಿಹೋಗಲಿ ಅಂತ ದಪ್ಪಗೆ ಬಳಿದೆ."

"ಒಳಗೆ ಪೈಪು ಸೋರ್ತಾ ಇದೆ. ಒದ್ದೆ ಗೋಡೆ ಮೇಲೆ ಬಣ್ಣ ಕೂರಲ್ಲ. ಹೊರಬರೋ ನೀರು ಬಣ್ಣಾನ ತಳ್ಳುತ್ತೆ."

ಆಗ ಮೇಡಂ, "ಕಿತ್ತದ್ದು ಕಿತ್ತಾಯ್ತು. ಸರಿ ಮಾಡೋರು ಯಾರು?" ಎಂದಳು. ಕಾರು ಚರಂಡಿಗಿಳಿಸಿದ ಶಿಷ್ಯರನ್ನು ಕೇಳುವ ಧಾಟಿ ಅದು. "ನಾನೇ" ಎಂದ ಮಾವ.

ಪ್ಲಂಬರ್ ಬಂದು ಪೈಪು ಬದಲಾಯಿಸಿದ. ಮಾವ ಸಡಿಲ ಬಣ್ಣವನ್ನೆಲ್ಲ ಹೆರೆದು, ಗೋಡೆಗೊಂದು ಪ್ಲಾಸ್ಟಿಕ್ ಹಾಳೆ ಅಂಟಿಸಿದ. ಹಾಳೆಯ ಒಳಗೆ ಹನಿ ಕಟ್ಟಿದರೆ ಗೋಡೆ ಇನ್ನೂ ಒದ್ದೆ ಎಂದರ್ಥ. ಅದನ್ನು ನೋಡುವುದಕ್ಕೆಂದು ಭಾನುವಾರ ಭಾನುವಾರ ಹೋಗತೊಡಗಿದ. ಚಹಾ ಕುಡಿದು, ಹಾಳೆ ಎತ್ತಿ ನೋಡಿ, "ಇನ್ನೊಂದು ವಾರ ಬಿಡೋಣ" ಎಂದು ಹೇಳಿ ಬರುವನು. ಹೀಗೆಯೇ ಎಷ್ಟೋ ಭಾನುವಾರಗಳಾದವು. ಒಂದು ದಿನ ಮೇಡಂ ತಾನೇ ಗೋಡೆಗೆ ಅಂಗೈ ಇಟ್ಟು ನೋಡಿದಳು.

"ಇದು ಒಣಗಿ ಬಹಳ ದಿನ ಆಯ್ತಲ್ವಾ?"

ಮಾವ ಕಾಲ್ಬೆರಳು ನೋಡಿಕೊಳ್ಳುತ್ತಾ, "ಹೂಂ," ಎಂದ.

ಮರುವಾರ ಕೆಲಸ ಶುರುವಾಯಿತು. ಗೋಡೆ ಸಮ ಮಾಡುವ ಪುಟ್ಟಿ, ಉಜ್ಜುಕಾಗದ, ಬಣ್ಣಕ್ಕೆ ಮೊದಲು ಹಚ್ಚುವ ಪ್ರೈಮರ್ ಎಲ್ಲ ಸುಸೂತ್ರ. ಬಣ್ಣಕ್ಕೆ ಕೈ ಹಾಕುವ ಹೊತ್ತಿಗೆ ಮೇಡಂ ಬಂದು ಹಿಂದೆ ನಿಂತಳು, ಅಲ್ಲಿಗೆ ಮಾವನ ವಿದ್ಯೆಯೆಲ್ಲ ಕೈಕೊಟ್ಟಿತು. ಬ್ರಷ್ಷನ್ನು ಡಬ್ಬದಲ್ಲಿ ತೀರಾ ಆಳಕ್ಕೆ ಅದ್ದಿ, ಗೋಡೆಯ ಮೇಲೆಲ್ಲ ಬಣ್ಣದ ಕಣ್ಣೀರು ಇಳಿಸಿದ. ಅವಳೇನೋ ಕೇಳಿದಳೆಂದು ರೋಲರ್ ಹಿಡಿದು ತಿರುಗಿ ನಿಂತವನು ಮಾತಿನಲ್ಲಿ ಗೋಡೆಯನ್ನೇ ಮರೆತ. ಒಣಗಿದ ಮೇಲೆ ನೋಡಿದರೆ ಗೋಡೆಯ ನಟ್ಟನಡುವೆ ಪಟ್ಟೆ.

"ಇದ್ಯಾವ ಪೈಪು ಸೋರಿದ್ದು?" ಎಂದು ಕೇಳಿದಳು ಮೇಡಂ.

"ನೀವು ಮಾತಾಡಿಸಿದ್ರಿ, ನಾನು ನಿಲ್ಲಿಸಿದೆ. ಅಷ್ಟರಲ್ಲಿ ಅಂಚು ಒಣಗಿಹೋಯ್ತು. ಒಣಗಿದ ಅಂಚಿನ ಮೇಲೆ ಮತ್ತೆ ಎಳೆದರೆ ಹೀಗೇ ಆಗೋದು."

"ಈಗೇನು ಮಾಡೋದು?"

"ಇಳಿದಿರೋದನ್ನ ಉಜ್ಜಿ ತೆಗೆದು, ಮೂಲೆಯಿಂದ ಮೂಲೆಗೆ ನಿಲ್ಲಿಸದೆ ಇನ್ನೊಂದು ಕೋಟು. ಇಬ್ಬರಿದ್ದರೆ ಸಲೀಸು."

ಉಜ್ಜಿದ್ದಾದ ಮೇಲೆ ಅವಳು ದುಪಟ್ಟಾ ಸೊಂಟಕ್ಕೆ ಬಿಗಿದು ಬ್ರಷ್ ತೆಗೆದುಕೊಂಡಳು. ಅವಳು ಗೋಡೆಯ ಅಂಚಿಗೆ ಬಣ್ಣ ಹಚ್ಚುತ್ತ ಮುಂದೆ, ಅವನು ರೋಲರ್ ಎಳೆಯುತ್ತ ಹಿಂದೆ. "ನಿಧಾನ. ಎಡಕ್ಕೆ. ಈಗ ಬನ್ನಿ," ಎಂದು ಅವಳು ಹೇಳಿದ ಹಾಗೆಲ್ಲ ಮಾವ ಕೇಳಿದ. ಒಂದು ಗೆರೆಯೂ ಬೀಳಲಿಲ್ಲ. ಕೊನೆಯ ಮೂಲೆಯಲ್ಲಿ ಮಾವ, "ಅಕ್ಕನಿಗೆ ಏನಂತ ಹೇಳಲಿ?" ಎಂದು ಕೇಳಿದ.

"ಒಪ್ಪಿಗೆ ಅಂತ ಹೇಳಿ. ರೋಲರ್ ನಿಲ್ಲಿಸಬೇಡಿ."

ಮದುವೆಯಾಗಿ ಮಾವ ಆ ಮನೆಗೇ ಸೇರಿಕೊಂಡ. ಅವನ ಅತ್ತೆ ಬಣ್ಣದ ಡಬ್ಬ ಮುಟ್ಟುವುದನ್ನು ಬಿಟ್ಟರು. ಆದರೆ ಅಳಿಯ ಮನೆಯಲ್ಲಿ ಬ್ರಷ್ ಹಿಡಿದರೆ ಸಾಕು, ಕುರ್ಚಿ ಎಳೆದುಕೊಂಡು ಹಿಂದೆ ಕೂತು, "ಅಲ್ಲಿ ತೆಳುವಾಯ್ತು ನೋಡಪ್ಪ," ಎನ್ನುತ್ತಾರೆ. ಹತ್ತರಲ್ಲಿ ಏಳು ಸಲ ಅವರ ಮಾತು ಸುಳ್ಳು. ಮಾವ ಹತ್ತು ಸಲವೂ ಅಲ್ಲಿ ಇನ್ನೊಂದು ಕೋಟು ಬಳಿಯುತ್ತಾನೆ.