ಎರಡು ಬೆರಳಿನ ಆಸರೆ

ನನ್ನ ದೊಡ್ಡಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ಜನ ಹೇಳುತ್ತಾರೆ. ಶುದ್ಧ ಸುಳ್ಳು. ಆ ಕೋಪ ನನ್ನದು. ಅವಳು ಬೈದರೂ ಬೈಗುಳ ಮುಗಿಯುವಷ್ಟರಲ್ಲಿ ನಿಮ್ಮ ಕೈಯಲ್ಲಿ ಒಂದು ಹಣ್ಣಿನ ಚೂರು ಇರುತ್ತದೆ. ಕೋತಿಗಳ ಜೊತೆ ಇದ್ದೂ ಇದ್ದೂ ಬಂದ ಅಭ್ಯಾಸ.

ಇಪ್ಪತ್ತೆರಡು ವರ್ಷದಿಂದ ಅವಳು ಹೊಸ ಔಷಧ ಪರೀಕ್ಷಿಸುವ ಕೇಂದ್ರವೊಂದರಲ್ಲಿ ಕೋತಿಗಳನ್ನು ನೋಡಿಕೊಳ್ಳುತ್ತಾಳೆ. ಪಂಜರ ತೊಳೆಯಬೇಕು, ಹಣ್ಣು ಹೆಚ್ಚಬೇಕು, ಯಾರು ತಿಂದರು, ಯಾರು ಬಿಟ್ಟರು ಎಂದು ಬರೆಯಬೇಕು. ಅಲ್ಲಿ ಕೋತಿಗೆ ಹೆಸರಿಡುವ ಹಾಗಿಲ್ಲ, ನಂಬರು ಮಾತ್ರ. ಇವಳು ಹದಿನೇಳನೇ ನಂಬರಿನ ಮುದಿ ಗಂಡು ಕೋತಿಯನ್ನು 'ಹದಿನೇಳಪ್ಪ' ಎಂದು ಕರೆದು ನಿಯಮವನ್ನೂ ಉಳಿಸಿದಳು, ಮರ್ಯಾದೆಯನ್ನೂ ಕೊಟ್ಟಳು.

ಹದಿನೇಳಪ್ಪನಿಗೆ ಕೈ ನಡುಗುವ ಕಾಯಿಲೆ. ತಾನಾಗಿ ಬಂದದ್ದಲ್ಲ, ಔಷಧ ಪರೀಕ್ಷಿಸಲೆಂದು ಅಲ್ಲಿಯವರೇ ಚುಚ್ಚಿ ಬರಿಸಿದ್ದು. ಮೊದಲ ಸಲ ಕೇಳಿದಾಗ "ಥೂ, ಇದೆಂಥ ಕೆಲಸ ನಿಂದು!" ಅಂದಿದ್ದೆ. ಅವಳು ಒಳಕೋಣೆಯ ಕಡೆ ಕಣ್ಸನ್ನೆ ಮಾಡಿದಳು. ಅಲ್ಲಿ ದೊಡ್ಡಪ್ಪ ಸೂಜಿಗೆ ದಾರ ಪೋಣಿಸಲು ಹೆಣಗುತ್ತಿದ್ದರು. ನಲವತ್ತು ವರ್ಷ ಕೋಟು ಹೊಲಿದ ದರ್ಜಿ. ಅವರದೂ ಅದೇ ಕಾಯಿಲೆ.

ಪರೀಕ್ಷೆ ಸರಳ. ಪಂಜರದ ಹೊರಗಿಟ್ಟ ಹಲಗೆಯ ಮೇಲೆ ಹನ್ನೆರಡು ಕುಳಿ, ಕುಳಿಗೊಂದು ಕಡಲೆಬೀಜ. ಕೋತಿ ಒಂದು ನಿಮಿಷದಲ್ಲಿ ಎಷ್ಟು ಹೆಕ್ಕಿತು ಎಂದು ಬರೆಯಬೇಕು. ಔಷಧಕ್ಕೆ ಮೊದಲು ಕೇಂದ್ರದ ಡಾಕ್ಟರಮ್ಮ ತಾವೇ ನಿಂತು ಎಣಿಸಿದಾಗ ಹದಿನೇಳಪ್ಪನದು ನಾಲ್ಕು. ಆಮೇಲೆ ಆ ಕೆಲಸ ದೊಡ್ಡಮ್ಮನ ಕೈಗೆ ಬಂತು. ಮೂರನೇ ವಾರಕ್ಕೆ ಹತ್ತು! ಅವಳು ನೋಡಿಕೊಳ್ಳುವ ಉಳಿದ ಮೂರು ಕೋತಿಗಳ ಲೆಕ್ಕವೂ ಏರಿತು. ಅವಳ ರಜೆಯ ದಿನ ಬರುವ ಕೆಲಸಗಾರ ಮಾತ್ರ ನಾಲ್ಕೇ ಬರೆಯುತ್ತಿದ್ದ. "ಕೋತಿ ಹತ್ರ ಹೇಗೆ ನಡ್ಕೋಬೇಕು ಅಂತ ಗೊತ್ತಿಲ್ಲ, ಒರಟ," ಎಂದು ಅವನಿಗೆ ಚೆನ್ನಾಗಿ ಮಂಗಳಾರತಿ ಮಾಡಿದಳು.

ಮನುಷ್ಯರಿಗೆ ಆ ಔಷಧ ಕೊಡುವ ಮೊದಲ ಪಟ್ಟಿಯಲ್ಲಿ ದೊಡ್ಡಪ್ಪನ ಹೆಸರು ಸೇರಿತು. ಅವರು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟರು. ನನ್ನ ಅಳತೆ ತೆಗೆದು, "ಕೈ ನೆಟ್ಟಗಾದ ಮೇಲೆ ಮೊದಲ ಕೋಟು ನಿಂಗೇ ಕಣಮ್ಮ," ಅಂದರು.

ಒಂದು ಭಾನುವಾರ ಮಧ್ಯಾಹ್ನ ನಾವು ಮೂವರೂ ಊಟಕ್ಕೆ ಕೂತಿದ್ದೆವು. ದೊಡ್ಡಪ್ಪ ಚಮಚ ಎತ್ತಿದರು, ಕೈ ನಡುಗಿತು. ಮಾತಾಡುತ್ತಲೇ ದೊಡ್ಡಮ್ಮ ಅವರ ಮಣಿಕಟ್ಟಿನ ಕೆಳಗೆ ಎರಡು ಬೆರಳು ಕೊಟ್ಟಳು. ಚಮಚ ನೆಟ್ಟಗೆ ಬಾಯಿಗೆ ಹೋಯಿತು. ದಿನಾ ನಡೆಯುವುದೇ. ಆದರೆ ಅವತ್ತು ಅವಳು ತನ್ನ ಬೆರಳನ್ನೇ ನೋಡುತ್ತ ಬಿಳಿಚಿಕೊಂಡಳು.

ಕೈ ತೊಳೆಯುವಾಗ ನನಗೊಬ್ಬಳಿಗೇ ಹೇಳಿದಳು. "ಅಲ್ಲೂ ಹೀಗೇ ಮಾಡ್ತಿದೀನಿ ಕಣೇ. ಹದಿನೇಳಪ್ಪ ಸರಳಿನಾಚೆ ಕೈ ಚಾಚಿದ ತಕ್ಷಣ ನನ್ನ ಬೆರಳು ತಾನಾಗೇ ಕೆಳಗೆ ಹೋಗುತ್ತೆ. ನಂಗೇ ಗೊತ್ತಾಗ್ಲಿಲ್ಲ."

ಮರುದಿನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಎಣಿಸಿದಳಂತೆ. ನಾಲ್ಕು. ಹದಿನೇಳಪ್ಪ ಹಲಗೆ ಬಿಟ್ಟು ಅವಳ ಮುಖವನ್ನೇ ನೋಡಿದನಂತೆ, ಎಲ್ಲಿ ಬೆರಳು ಎನ್ನುವ ಹಾಗೆ.

ನನ್ನ ಪಿತ್ತ ನೆತ್ತಿಗೇರಿತು. "ಬಾಯಿ ಮುಚ್ಕೊಂಡಿರು! ದೊಡ್ಡಪ್ಪನ ಬಾಯಿಗೆ ಬಂದ ತುತ್ತನ್ನ ನೀನೇ ತಟ್ಟಿ ಹಾಕ್ತೀಯಾ?"

"ತುತ್ತೇ ಅಲ್ವಲ್ಲೇ ಅದು," ಅಂದಳು. "ಕೆಲಸ ಮಾಡದ ಔಷಧಾನ ಅವರಿಗೆ ಚುಚ್ಚಿಸ್ಲಾ? ಆ ಮೂಕಪ್ರಾಣಿಗೆ ಕಾಯಿಲೆ ಬರಿಸಿದ್ದು ನಿಜ, ಅದು ನರಳಿದ್ದು ನಿಜ. ನಾನು ಬರ್ದಿದ್ದು ಮಾತ್ರ ಸುಳ್ಳಾ?"

ಹೋಗಿ ಡಾಕ್ಟರಮ್ಮನಿಗೆ ಹೇಳಿದಳು. ಆಕೆ ಕೂಗಾಡಲಿಲ್ಲ, ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣೊರೆಸಿಕೊಂಡರಂತೆ. ಮನುಷ್ಯರಿಗೆ ಔಷಧ ಕೊಡುವುದು ಶುರುವಾಗುವ ಮೊದಲೇ ನಿಂತಿತು. ನಾಲ್ಕು ಕೋತಿಗಳಿಗೂ ಮತ್ತೆ ಮೊದಲಿಂದ ಆರು ತಿಂಗಳು ಪರೀಕ್ಷೆ, ಬೇರೆಯವರ ಕೈಯಲ್ಲಿ. ದೊಡ್ಡಮ್ಮ ಹಣ್ಣು ಕೊಡಬಹುದು, ಮುಟ್ಟುವಂತಿಲ್ಲ. "ನನ್ನಿಂದ ಹದಿನೇಳಪ್ಪನಿಗೆ ಇನ್ನೂ ಆರು ತಿಂಗಳ ಶಿಕ್ಷೆ," ಎಂದು ಅಡುಗೆಮನೆಯಲ್ಲಿ ನಿಂತು ಬಿಕ್ಕಿದಳು. ನಾನು ಬೈದದ್ದಕ್ಕೆ ನನಗೇ ನಾಚಿಕೆಯಾಯಿತು.

ದೊಡ್ಡಪ್ಪನಿಗೆ ಅವಳೇ ಹೇಳಿದಳು. ಅವರು ನನ್ನ ಕೋಟಿಗೆಂದು ತಂದಿದ್ದ ಬಟ್ಟೆಯನ್ನು ಮಡಚಲು ನೋಡಿದರು, ಅಂಚು ಕೂಡಲಿಲ್ಲ, ಹಾಗೇ ಸುತ್ತಿ ಪೆಟ್ಟಿಗೆಯಲ್ಲಿಟ್ಟರು.

ಊಟಕ್ಕೆ ಕೂತೆವು. ಅವರು ಚಮಚ ಎತ್ತಿದರು. ದೊಡ್ಡಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು, ತನ್ನ ಬೆರಳಿಗೆ ತಾನೇ ಹೆದರಿ. ಸಾರು ಅಂಗಿಯ ಮೇಲೆ ಚೆಲ್ಲಿತು. ಇನ್ನೊಂದು ಚಮಚ, ಅದೂ ಚೆಲ್ಲಿತು.

ದೊಡ್ಡಪ್ಪ ಚಮಚ ಕೆಳಗಿಟ್ಟು ಕೈಯನ್ನು ಅವಳ ಮುಂದೆ ಚಾಚಿದರು. ಅದು ನಡುಗುತ್ತಲೇ ಇತ್ತು.

"ನಾನೇನು ಹದಿನೇಳನೇ ನಂಬರಾ? ಇಲ್ಲಿ ಯಾರೂ ಬರ್ಕೊಳ್ತಿಲ್ಲ. ಹಿಡ್ಕೊಳ್ಳೇ."