ಅತ್ತೆಯ ಕೈಯ ಮಡಿಕೆ

ಪಾರ್ಶ್ವವಾಯುವಿನಿಂದ ಅತ್ತೆಯವರ ಬಲಗೈ ಸೋತು ಆರು ತಿಂಗಳಾಗಿತ್ತು. ಅಂಕೋಲೆಯಲ್ಲಿರುವ ಅವರ ತಂಗಿ ಮಂಡಿನೋವಿನಿಂದ ಹೊಸಿಲು ದಾಟಲಾರರು. ದಿನವೂ ಫೋನು ಮಾಡಿ ಕೈ ಹೇಗಿದೆ ಎಂದು ಕೇಳುತ್ತಿದ್ದರು. ಸುಧಾರಿಸಿದೆ ಎಂಬ ಉತ್ತರವನ್ನು ಒಂದು ದಿನವೂ ನಂಬಲಿಲ್ಲ. ಕೊನೆಗೆ ಅತ್ತೆ, ಬಿಸ್ಕೀಟು ಮಾಡಿ ಕಳಿಸುತ್ತೇನೆ, ಅಂಚಿನಲ್ಲಿ ನನ್ನ ಕೈಯ ಮಡಿಕೆ ನೋಡಿ ಆಮೇಲೆ ಮಾತಾಡು ಎಂದು ತಂಗಿಗೆ ಹೇಳಿಬಿಟ್ಟರು.

ಮನೆಯಲ್ಲಿ ಬೆಣ್ಣೆ ಬಿಸ್ಕೀಟು ಮಾಡುವವಳು ನಾನು. ಒಂದು ಪಾಲು ಸಕ್ಕರೆಪುಡಿ, ಎರಡು ಪಾಲು ಬೆಣ್ಣೆ, ಮೂರು ಪಾಲು ಮೈದಾ. ತೂಗದೆ ಏನನ್ನೂ ಬೆರೆಸುವುದಿಲ್ಲ. ಆ ಬೆಳಿಗ್ಗೆ ಕಾರವಾರದ ಹಬ್ಬುವಾಡದ ನಮ್ಮ ಅಡುಗೆಮನೆಯಲ್ಲಿ ಹಿಟ್ಟು ಲಟ್ಟಿಸಿ ದುಂಡಗೆ ಕತ್ತರಿಸಿಕೊಟ್ಟೆ. ಚೌತಿಯ ನೇವರಿಗೆ, ಅಂದರೆ ಕರ್ಜಿಕಾಯಿಗೆ, ಮಾಡುವಂತೆ ಅತ್ತೆ ಪ್ರತಿಯೊಂದರ ಅಂಚನ್ನೂ ಚಿವುಟಿ, ಮಡಚಿ, ಹಗ್ಗದಂತೆ ಹೆಣೆದರು. ಅಕ್ಕತಂಗಿಯರಿಬ್ಬರೂ ತಾಯಿಯಿಂದ ಕಲಿತ ಮಡಿಕೆ ಅದು. ಒಬ್ಬರದನ್ನು ಇನ್ನೊಬ್ಬರು ಕಣ್ಣು ಮುಚ್ಚಿ ಮುಟ್ಟಿಯೂ ಗುರುತಿಸಬಲ್ಲರು. ಇಪ್ಪತ್ತು ಬಿಸ್ಕೀಟಿಗೆ ಎರಡು ಗಂಟೆ ಹಿಡಿಯಿತು. ಅತ್ತೆ ದಣಿದು ಮಲಗಿದರು.

ಮಡಿಕೆಗಳು ಸೊಟ್ಟಗಿದ್ದವು. ಕೆಲವು ಹರಿದಿದ್ದವು. ತೆಳುವಾದ ಅಂಚು ಓವನ್ನಿನಲ್ಲಿ ಸೀಯುತ್ತದೆ ಎಂದು ನನಗೆ ನಾನೇ ಕಾರಣ ಹೇಳಿಕೊಂಡೆ. ಅದು ಅರ್ಧ ನಿಜ. ಶಾಲೆಯಲ್ಲಿ ಮಕ್ಕಳ ಸೊಟ್ಟ ಸಾಲುಗಳನ್ನು ಅಳಿಸಿ ಮತ್ತೆ ಬರೆಸಿದ ಕೈಯಿದು. ನೆಂಟರ ಮನೆಗೆ ಸೊಟ್ಟ ಬಿಸ್ಕೀಟು ಕಳಿಸಲು ಒಪ್ಪಲಿಲ್ಲ. ಎಲ್ಲವನ್ನೂ ಮುದ್ದೆಮಾಡಿ, ಮತ್ತೆ ಲಟ್ಟಿಸಿ, ಎಂಟೆಸಳಿನ ಹೂವಿನ ಅಚ್ಚು ಒತ್ತಿ, ನಡುವೆ ಒಂದೊಂದು ಪಿಸ್ತಾ ಇಟ್ಟು ಬೇಯಿಸಿದೆ. ಅತ್ತೆ ಏಳುವಷ್ಟರಲ್ಲಿ ಆರಿಸಿ ಡಬ್ಬಿಗೆ ತುಂಬಿಯಾಗಿತ್ತು.

ಮರುದಿನ ಅಂಕೋಲೆಗೆ ಒಯ್ದೆ. ಚಿಕ್ಕತ್ತೆ ಒಂದೊಂದನ್ನೇ ಎತ್ತಿ ಅಂಚನ್ನು ಬೆರಳಿನಿಂದ ಸವರಿದರು. ಡಬ್ಬಿಯ ತಳದವರೆಗೂ ಹುಡುಕಿದರು.

"ಹಂಗಾರೆ ಅಕ್ಕನ ಕೈ ಬರ್ಲೇ ಇಲ್ಲ. ನಂಗೆ ಸಮಾಧಾನ ಆಗ್ಲಿ ಅಂತ ಸುಳ್ಳು ಹೇಳಿದ್ಳು."

ಅತ್ತೆಯೇ ಮಡಚಿದ್ದರು, ಕೆಡಿಸಿದವಳು ನಾನು ಎಂದು ಆಗಲೇ ಹೇಳಿದೆ. ಚಿಕ್ಕತ್ತೆ ನನ್ನ ಕೈ ತಟ್ಟಿದರು.

"ನೀನೂ ಅವಳ ಸೊಸೆನೇ ಅಲ್ವಾ. ಅವಳ ಹಂಗೇ ಸುಳ್ಳು ಹೇಳೂದು ಕಲ್ತಿದ್ದೀಯ."

ಚೆಂಡಿಯಾ ದಾಟಿ ಬಸ್ಸು ಕಾರವಾರ ಸೇರುವವರೆಗೂ, ಮನೆಯಲ್ಲಿ ಇದನ್ನು ಹೇಗೆ ಹೇಳಲಿ ಎಂದು ವಾಕ್ಯ ಜೋಡಿಸಿದೆ. ಜೋಡಿಸಿದ್ದು ಯಾವುದೂ ಉಪಯೋಗಕ್ಕೆ ಬರಲಿಲ್ಲ. ಬಾಗಿಲಲ್ಲೇ ಕಾದಿದ್ದ ಅತ್ತೆ, ತಂಗಿ ಏನೆಂದಳು ಎಂದು ಕೇಳಿದರು. ಎಲ್ಲವನ್ನೂ ಹೇಳಿದೆ. ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು.

"ಅಷ್ಟು ಕೆಟ್ಟದಾಗಿತ್ತೇನೇ?"

ಮರುದಿನ ಬೆಳಿಗ್ಗೆ ಮತ್ತೆ ಹಿಟ್ಟು ಕಲಸಿ, ಲಟ್ಟಿಸಿ, ಅವರ ಮುಂದೆ ಮಣೆ ಇಟ್ಟೆ. ಬಲಗೈ ಮಡಿಲಲ್ಲೇ ಉಳಿಯಿತು.

"ನೀನೇ ಮಾಡು. ನಿಂದು ಚಂದ ಆಗ್ತದೆ."

ಇಂದಿಗೆ ನಾಲ್ಕು ದಿನ. ಅಂಕೋಲೆಯ ಫೋನು ಬಂದರೆ ಮಲಗಿದ್ದಾರೆ ಎನ್ನಲು ಅತ್ತೆ ನನಗೇ ಹೇಳುತ್ತಾರೆ. ನಾನು ಹಾಗೆಯೇ ಹೇಳುತ್ತೇನೆ. ದಿನವೂ ಆ ಹಿಟ್ಟನ್ನು ಫ್ರಿಜ್ಜಿನಿಂದ ತೆಗೆದು ಅವರ ಮುಂದಿಡುತ್ತೇನೆ, ಹಾಗೆಯೇ ಒಳಗಿಡುತ್ತೇನೆ.